ಅಕ್ಷರದಾಸೋಹಕ್ಕೊಂದು ಅಂತರ್ಜಾಲದ ಪಂಕ್ತಿ

ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ವ್ರತವಾಗಿ ನಡೆಸಿಕೊಂಡು ಬಂದಿರುವ ಮಠಗಳ ನಾಡಿನಲ್ಲಿ, ವಿದ್ಯೆಯನ್ನು ಮಾರದೆ ಹಂಚಬೇಕೆಂಬ ಮಾತು ಹೊಸದಲ್ಲ. ಹೊಸದಾಗಿರುವುದು ಹಂಚುವ ಸಾಧನ ಮಾತ್ರ. ಲಾಭಾಪೇಕ್ಷೆಯಿಲ್ಲದ ಅನೇಕ ಸೇವಾಸಂಸ್ಥೆಗಳು ಇಂದು ಅಂತರ್ಜಾಲದ ಮೂಲಕ ಪಾಠ ಹೇಳಲು ಮುಂದಾಗಿವೆ. ಆದರೆ ಪಾಠವು ಒಂದೆಡೆ, ಅಭ್ಯಾಸದ ಪ್ರಶ್ನೆಗಳು ಇನ್ನೊಂದೆಡೆ, ಅಂಕಗಳ ಲೆಕ್ಕ ಮತ್ತೊಂದೆಡೆ ಚದುರಿಹೋದರೆ ವಿದ್ಯಾರ್ಥಿಯು ದಾರಿ ತಪ್ಪುತ್ತಾನೆ; ಶಿಕ್ಷಕನು ದಣಿಯುತ್ತಾನೆ. ಇವೆಲ್ಲವನ್ನೂ ಒಂದೇ ಸೂರಿನಡಿ ತರುವ ವ್ಯವಸ್ಥೆಗೆ ಏಕೀಕೃತ ಕಲಿಕಾ ವೇದಿಕೆಯೆಂದು ಹೆಸರು. ಅದನ್ನು ಕಟ್ಟುವ ಬಗೆಯೇ ಪ್ರಕೃತ ವಿಚಾರ.

ಕಟ್ಟುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಪಂಕ್ತಿಯ ಕೊನೆಯಲ್ಲಿ ಕುಳಿತಿರುವವರು ಯಾರು? ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಂದಾಜಿನಂತೆ 2024ರಲ್ಲಿ ಜಗತ್ತಿನ ಸುಮಾರು 260 ಕೋಟಿ ಜನರು ಅಂತರ್ಜಾಲದಿಂದ ಹೊರಗಿದ್ದರು. ಸಂಪರ್ಕವುಳ್ಳವರಿಗೆಂದೇ ವೇದಿಕೆಯನ್ನು ರಚಿಸಿದರೆ, ಯಾರಿಗಾಗಿ ಸೇವೆಯು ಹುಟ್ಟಿತೋ ಅವರೇ ಹೊರಗುಳಿಯುತ್ತಾರೆ.

ಈ ಪ್ರಶ್ನೆಗೆ ಅಮೆರಿಕದ ಲರ್ನಿಂಗ್ ಈಕ್ವಾಲಿಟಿ ಎಂಬ ಸೇವಾಸಂಸ್ಥೆಯು ಕಂಡುಕೊಂಡ ಉತ್ತರವು ಅಧ್ಯಯನಯೋಗ್ಯವಾದುದು. ಖಾನ್ ಅಕಾಡೆಮಿಯ ಪಾಠಗಳನ್ನು ಅಂತರ್ಜಾಲವಿಲ್ಲದ ಕಡೆಗೂ ಒಯ್ಯಲು 2012ರಲ್ಲಿ ‘ಕೆಎ ಲೈಟ್’ ಎಂಬ ತಂತ್ರಾಂಶವು ಸಿದ್ಧವಾಯಿತು. ಅದರ ಅನುಭವದಿಂದ ಮುಂದೆ ‘ಕೋಲಿಬ್ರಿ’ ರೂಪುಗೊಂಡಿತು. ಶಾಲೆಯ ಒಂದು ಗಣಕಯಂತ್ರದಲ್ಲಿ ಪಾಠಗಳನ್ನು ಒಮ್ಮೆ ತುಂಬಿಡಲಾಗುತ್ತದೆ. ಸಂಪರ್ಕವಿಲ್ಲದಿದ್ದರೆ ಪೆನ್ ಡ್ರೈವಿನಲ್ಲಿ ತಂದು ತುಂಬಬಹುದು. ಬಳಿಕ ತರಗತಿಯ ಇತರ ಯಂತ್ರಗಳು ಶಾಲೆಯೊಳಗಿನ ಜಾಲದಿಂದಲೇ ಆ ಪಾಠಗಳನ್ನು ಪಡೆಯುತ್ತವೆ. ಯಾವ ವಿದ್ಯಾರ್ಥಿಯು ಯಾವ ಲೆಕ್ಕದಲ್ಲಿ ಎಡವಿದನೆಂಬುದು ಶಿಕ್ಷಕನಿಗೆ ತಿಳಿಯುತ್ತದೆ. ಅಂತರ್ಜಾಲವು ದೊರೆತಾಗ ಕಲಿಕೆಯ ದಾಖಲೆಗಳನ್ನು ಕೇಂದ್ರದೊಡನೆ ಹೊಂದಿಸಿಕೊಳ್ಳಬಹುದು. ಸಂಪರ್ಕವು ಇಲ್ಲಿ ಅನುಕೂಲವೇ ಹೊರತು ಅನಿವಾರ್ಯವಲ್ಲ.

ಏಕೀಕರಣವೆಂದರೆ ಎಲ್ಲವನ್ನೂ ಒಂದೇ ರಾಶಿ ಹಾಕುವುದಲ್ಲ. ವಿದ್ಯಾರ್ಥಿಗೆ ಒಂದೇ ಪ್ರವೇಶದ ಹೆಸರು, ಪಠ್ಯಕ್ರಮಕ್ಕೆ ಅನುಗುಣವಾದ ಪಾಠಗಳ ಜೋಡಣೆ, ಎಲ್ಲ ಶಾಖೆಗಳಿಗೂ ಸಲ್ಲುವ ಒಂದೇ ಬಗೆಯ ದಾಖಲೆ: ಈ ಮೂರೂ ಕೂಡಿದಾಗ ವೇದಿಕೆಯು ಒಂದಾಗುತ್ತದೆ. ಕನ್ನಡ ಪಾಠಗಳನ್ನು ಚಿತ್ರರೂಪದಲ್ಲಿಡದೆ ಯೂನಿಕೋಡ್ ಅಕ್ಷರಗಳಲ್ಲಿಡುವುದು ಅವಶ್ಯ. ಆಗ ಮಾತ್ರ ಪದವನ್ನು ಹುಡುಕಲು, ಅಂಧ ವಿದ್ಯಾರ್ಥಿಗೆ ಯಂತ್ರವು ಓದಿ ಹೇಳಲು ಸಾಧ್ಯವಾಗುತ್ತದೆ.

ಎಲ್ಲವನ್ನೂ ಹೊಸದಾಗಿ ಬರೆಯಿಸುವ ಅಗತ್ಯವೂ ಇಲ್ಲ. ಆಸ್ಟ್ರೇಲಿಯದ ಮಾರ್ಟಿನ್ ಡೂಗಿಯಾಮಸ್ ಅವರು ಆರಂಭಿಸಿ, 2002ರಲ್ಲಿ ಮೊದಲ ಆವೃತ್ತಿಯು ಹೊರಬಂದ ಮೂಡಲ್ ಮುಕ್ತ ತಂತ್ರಾಂಶವಾಗಿದೆ. ಭಾರತದಲ್ಲಿ 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯು ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಆದರೆ ತಂತ್ರಾಂಶವು ಉಚಿತವಾದ ಮಾತ್ರಕ್ಕೆ ನಿರ್ವಹಣೆಯು ಉಚಿತವಲ್ಲ. ಯಂತ್ರ, ವಿದ್ಯುತ್ತು, ಶಿಕ್ಷಕರ ತರಬೇತಿ ಇವುಗಳಿಗೆ ವರ್ಷವರ್ಷವೂ ಹಣ ಬೇಕು. ದಾನಿಗಳ ನೆರವು ನಿಂತರೂ ದಾಖಲೆಗಳು ನಷ್ಟವಾಗದಂತೆ, ಅವನ್ನು ಬೇರೆಡೆಗೆ ಒಯ್ಯಬಲ್ಲ ರೂಪದಲ್ಲಿಡುವುದು ವಿವೇಕ.

ಮಕ್ಕಳ ವಿವರಗಳು ಸಂಸ್ಥೆಯ ಸೊತ್ತಲ್ಲ, ನಂಬಿ ಒಪ್ಪಿಸಿದ ನಿಕ್ಷೇಪ. ಭಾರತದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಗಳ ಸಮ್ಮತಿಯನ್ನು ವಿಧಿಸಿರುವುದು ಉಚಿತವೇ ಆಗಿದೆ. ಕಲಿಕೆಗೆ ಬೇಡದ ವಿವರವನ್ನು ಕೇಳದಿರುವುದೇ ಉತ್ತಮ ರಕ್ಷಣೆ.

ದಾಸೋಹದ ಹಿರಿಮೆಯು ಬಡಿಸಿದ ಭಕ್ಷ್ಯಗಳ ಸಂಖ್ಯೆಯಲ್ಲಿಲ್ಲ. ಕೊನೆಯ ಎಲೆಗೂ ಅನ್ನ ಮುಟ್ಟಿತೇ ಎಂಬುದರಲ್ಲಿದೆ. ಕಲಿಕಾ ವೇದಿಕೆಯ ಹಿರಿಮೆಯನ್ನು ಅಳೆಯಲೂ ಇದೇ ಅಳತೆಗೋಲು ಸಾಕು.