ಧೂಮಕೇತು ದರ್ಶನ: ಹವ್ಯಾಸಿ ವೀಕ್ಷಕರ ನೋಟ ಮತ್ತು ದಾಖಲೆ

ಗ್ರಹಣಗಳನ್ನು ಪಂಚಾಂಗವು ಮುಂಚಿತವಾಗಿಯೇ ತಿಳಿಸುತ್ತದೆ. ಗ್ರಹಗಳ ಸಂಚಾರಕ್ಕೆ ಪ್ರಾಚೀನ ಕಾಲದಿಂದಲೂ ಗಣಿತವಿದೆ. ಧೂಮಕೇತು ಮಾತ್ರ ಬಹುಕಾಲ ಯಾವ ಲೆಕ್ಕಕ್ಕೂ ದಕ್ಕದೆ ಬಂದು ಹೋಗುತ್ತಿತ್ತು. ಅದರ ಪಥವನ್ನು ಇಂದು ನಿಖರವಾಗಿ ಗಣಿಸಬಹುದಾದರೂ ಅದು ಎಷ್ಟು ಪ್ರಕಾಶಮಾನವಾದೀತು, ಎಷ್ಟು ಉದ್ದದ ಬಾಲವನ್ನು ತಳೆದೀತು ಎಂಬುದನ್ನು ಖಚಿತವಾಗಿ ಹೇಳುವುದು ಈಗಲೂ ಸಾಧ್ಯವಾಗಿಲ್ಲ. ಈ ಅನಿಶ್ಚಿತತೆಯ ಕಾರಣದಿಂದಲೇ ಖಗೋಳವಿಜ್ಞಾನದ ಈ ಶಾಖೆಯಲ್ಲಿ ವೃತ್ತಿಪರರಲ್ಲದ ವೀಕ್ಷಕರಿಗೆ ದೀರ್ಘಕಾಲ ಗೌರವದ ಸ್ಥಾನ ದೊರೆತಿದೆ. ರೈತರು, ಕಾರ್ಖಾನೆಯ ಕೆಲಸಗಾರರು, ವಿದ್ಯಾರ್ಥಿಗಳು ಧೂಮಕೇತುಗಳನ್ನು ಕಂಡಿದ್ದಾರೆ. ಅವರ ಹೆಸರುಗಳು ಆ ಕಾಯಗಳಿಗೇ ಅಂಟಿಕೊಂಡಿವೆ. ಆದರೆ ಕಾಣುವುದು ಬೇರೆ, ಕಂಡದ್ದು ಜ್ಞಾನವಾಗುವುದು ಬೇರೆ. ಹವ್ಯಾಸಿಯೊಬ್ಬನ ನೋಟವು ಯಾವ ಗುಣದಿಂದ ಜ್ಞಾನದ ಆಕರವಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೆಸರು ಮತ್ತು ಪ್ರಾಚೀನ ದೃಷ್ಟಿ

‘ಧೂಮ’ ಎಂದರೆ ಹೊಗೆ, ‘ಕೇತು’ ಎಂದರೆ ಧ್ವಜ ಅಥವಾ ಚಿಹ್ನೆ. ಹೊಗೆಯನ್ನೇ ಬಾವುಟವಾಗಿ ಉಳ್ಳದ್ದು ಎಂಬ ಅರ್ಥದಲ್ಲಿ ಈ ಪದ ಮೂಲತಃ ಅಗ್ನಿಗೂ ಸಲ್ಲುತ್ತದೆ. ಆಡುಮಾತಿನ ‘ಬಾಲಚುಕ್ಕಿ’ ಎಂಬ ಹೆಸರು ಕಣ್ಣಿಗೆ ಕಂಡದ್ದನ್ನು ನೇರವಾಗಿ ಹೇಳುತ್ತದೆ. ಎರಡೂ ಹೆಸರುಗಳು ಬಾಲವನ್ನೇ ಪ್ರಧಾನವಾಗಿಸಿವೆ ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಏಕೆಂದರೆ ವೀಕ್ಷಕನಿಗೆ ದೊರೆಯುವ ಬಹುಪಾಲು ಧೂಮಕೇತುಗಳಲ್ಲಿ ಬಾಲವು ಕಣ್ಣಿಗೆ ಕಾಣುವುದೇ ಇಲ್ಲ.

ಕ್ರಿ.ಶ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಕೇತುಚಾರ ಎಂಬ ಅಧ್ಯಾಯವನ್ನೇ ಈ ವಿಷಯಕ್ಕೆ ಮೀಸಲಿಟ್ಟಿದ್ದಾನೆ. ಗರ್ಗ, ಪರಾಶರ, ಅಸಿತದೇವಲ ಮೊದಲಾದ ಹಿಂದಿನವರನ್ನು ಅವನು ಅಲ್ಲಿ ಸ್ಮರಿಸುತ್ತಾನೆ. ಕೇತುಗಳು ಕಾಣಿಸಿಕೊಳ್ಳುವುದನ್ನಾಗಲಿ ಮರೆಯಾಗುವುದನ್ನಾಗಲಿ ಗಣಿತದಿಂದ ತಿಳಿಯಲಾಗದು ಎಂದು ಆತ ಒಪ್ಪಿಕೊಳ್ಳುತ್ತಾನೆ. ಕೇತುಗಳು ನೂರೊಂದು ಎಂದು ಕೆಲವರೂ ಸಾವಿರವೆಂದು ಇನ್ನು ಕೆಲವರೂ ಹೇಳಿದರೆ, ಹಲವು ರೂಪಗಳಲ್ಲಿ ಕಾಣುವ ಕೇತು ಒಂದೇ ಎಂಬುದು ನಾರದನ ಮತವೆಂದು ಅವನು ದಾಖಲಿಸಿದ್ದಾನೆ. ಈ ಮತವನ್ನು ಆಧುನಿಕ ಆವರ್ತ ಸಿದ್ಧಾಂತದ ಮುನ್ಸೂಚನೆಯೆಂದು ಓದುವುದು ಆತುರದ ತೀರ್ಮಾನವಾದೀತು. ಆದರೆ ಶಿಖೆಯ ದಿಕ್ಕು, ಬಣ್ಣ, ಆಕಾರಗಳನ್ನು ಬೇರೆಬೇರೆಯಾಗಿ ಗುರುತಿಸುವ ವಿವರಣೆಯ ಶಿಸ್ತು ಆ ಅಧ್ಯಾಯದಲ್ಲಿದೆ. ಶುಭಾಶುಭ ಫಲಗಳ ನಿರೂಪಣೆಯೊಡನೆ ಅದು ಬೆರೆತುಹೋಗಿದೆ. ನೋಟ ಮತ್ತು ಫಲ ಇವೆರಡನ್ನೂ ಬೇರ್ಪಡಿಸುವ ಕಾರ್ಯ ಮುಂದಿನ ಕಾಲಕ್ಕೆ ಉಳಿಯಿತು.

2. ಧೂಮಕೇತುವಿನ ಸ್ವರೂಪ

1577ರಲ್ಲಿ ಕಾಣಿಸಿಕೊಂಡ ಮಹಾಧೂಮಕೇತುವನ್ನು ಟೈಕೋ ಬ್ರಾಹೆ ಅಳೆದು, ಅದು ಚಂದ್ರನಿಗಿಂತ ಬಹು ದೂರದಲ್ಲಿದೆ ಎಂದು ತೋರಿಸಿದನು. ಧೂಮಕೇತುಗಳು ವಾಯುಮಂಡಲದ ವಿಕಾರಗಳೆಂಬ ಅರಿಸ್ಟಾಟಲನ ಮತಕ್ಕೆ ಇದು ಬಲವಾದ ಪೆಟ್ಟಾಯಿತು. 1950ರಲ್ಲಿ ಫ್ರೆಡ್ ವಿಪ್ಪಲ್ ಮಂಡಿಸಿದ ಮಾದರಿಯಂತೆ ಧೂಮಕೇತುವಿನ ನಾಭಿಯು ಹಿಮ ಮತ್ತು ಧೂಳು ಬೆರೆತ ಘನ ಪಿಂಡ. 1986ರ ಮಾರ್ಚ್ ತಿಂಗಳಲ್ಲಿ ಜೋತ್ತೋ ನೌಕೆಯು ಹ್ಯಾಲಿ ಧೂಮಕೇತುವಿನ ಸಮೀಪ ಹಾದುಹೋದಾಗ ಸುಮಾರು 15 ಕಿಲೋಮೀಟರ್ ಉದ್ದದ, ಇದ್ದಿಲಿನಂತೆ ಕಪ್ಪಾದ ಪಿಂಡವೊಂದು ಗೋಚರಿಸಿತು.

ಸೂರ್ಯನನ್ನು ಸಮೀಪಿಸಿದಂತೆ ಈ ಪಿಂಡದ ಹಿಮವು ನೇರವಾಗಿ ಅನಿಲವಾಗಿ ಮಾರ್ಪಟ್ಟು ಧೂಳನ್ನು ಹೊತ್ತು ಹೊರಚಿಮ್ಮುತ್ತದೆ. ನಾಭಿಯ ಸುತ್ತ ಕವಿಯುವ ಈ ಮಬ್ಬು ಆವರಣವೇ ಕೋಮಾ. ಧೂಳಿನ ಬಾಲವು ತುಸು ಬಾಗಿ ಹಳದಿ ಛಾಯೆಯಿಂದ ಕೂಡಿದ್ದರೆ, ಅಯಾನುಗಳ ಬಾಲವು ನೇರವಾಗಿಯೂ ನೀಲಿಯಾಗಿಯೂ ಇರುತ್ತದೆ. ಬಾಲವು ಧೂಮಕೇತುವಿನ ಹಿಂದೆ ಎಳೆದುಕೊಂಡು ಬರುತ್ತದೆ ಎಂಬ ಸಾಮಾನ್ಯ ಕಲ್ಪನೆ ಸರಿಯಲ್ಲ. ಅದು ಸೂರ್ಯನಿಗೆ ವಿಮುಖವಾಗಿ ಚಾಚಿಕೊಳ್ಳುವುದರಿಂದ ಧೂಮಕೇತು ಸೂರ್ಯನಿಂದ ಹಿಂದಿರುಗುವಾಗ ಬಾಲವೇ ಮುಂದಾಗಿ ಸಾಗುತ್ತದೆ.

ಸೂರ್ಯನಿಗೆ ಅತಿ ಸಮೀಪದ ಬಿಂದುವಾದ ಪುರರವಿಯನ್ನು ತಲಪುವ ದಿನವನ್ನು ಗುರುತ್ವದ ನಿಯಮಗಳು ತಿಳಿಸಬಲ್ಲವು. ಆದರೆ ಪಿಂಡದ ಯಾವ ಭಾಗದಲ್ಲಿ ಎಷ್ಟು ಹಿಮವಿದೆ, ಅದರ ಮೇಲಿನ ಧೂಳಿನ ಪದರ ಎಷ್ಟು ದಪ್ಪ, ಪಿಂಡ ಒಡೆಯುವುದೋ ಉಳಿಯುವುದೋ ಎಂಬುದನ್ನು ದೂರದಿಂದ ಅರಿಯುವುದು ಕಷ್ಟ. ಆದ್ದರಿಂದಲೇ ಪ್ರತಿದಿನದ ನೋಟಕ್ಕೆ ಬೆಲೆ.

3. ಹವ್ಯಾಸಿಗಳ ಪರಂಪರೆ

1531, 1607 ಮತ್ತು 1682ರಲ್ಲಿ ಕಂಡ ಧೂಮಕೇತುಗಳು ಒಂದೇ ಎಂದು ಎಡ್ಮಂಡ್ ಹ್ಯಾಲಿ 1705ರಲ್ಲಿ ಪ್ರತಿಪಾದಿಸಿ, ಅದು 1758ರ ಸುಮಾರಿಗೆ ಮರಳುವುದೆಂದು ಸೂಚಿಸಿದನು. ಅದನ್ನು ಮೊದಲು ಕಾಣಲು ಪ್ಯಾರಿಸ್ಸಿನಲ್ಲಿ ಷಾರ್ಲ್ ಮೆಸ್ಸಿಯೆ ತಿಂಗಳುಗಟ್ಟಲೆ ಹುಡುಕಿದನು. ಅವನ ಹಿರಿಯನಾದ ಡೆಲಿಲ್ ಸಿದ್ಧಪಡಿಸಿದ್ದ ನಕ್ಷೆಯು ತಪ್ಪು ಜಾಗವನ್ನು ತೋರಿಸುತ್ತಿದ್ದುದರಿಂದ ಆ ಶ್ರಮ ಬಹುಕಾಲ ಫಲಿಸಲಿಲ್ಲ. 1758ರ ಡಿಸೆಂಬರ್ 25ರ ರಾತ್ರಿ ಜರ್ಮನಿಯ ಡ್ರೆಸ್ಡನ್ ಬಳಿಯ ರೈತ ಯೋಹಾನ್ ಗಿಯೋರ್ಗ್ ಪಾಲಿಚ್ ಅದನ್ನು ಕಂಡನು. ಮೆಸ್ಸಿಯೆಗೆ ಅದು ಗೋಚರಿಸಿದ್ದು ಮರುವರ್ಷದ ಜನವರಿಯಲ್ಲಿ. ಎಲ್ಲಿ ಕಾಣಬೇಕೆಂಬ ನಿರೀಕ್ಷೆಯು ನೋಟವನ್ನು ಹೇಗೆ ಕಟ್ಟಿಹಾಕಬಲ್ಲದು ಎಂಬುದಕ್ಕೆ ಈ ಪ್ರಸಂಗ ಉತ್ತಮ ನಿದರ್ಶನ.

ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆ ವಿಸ್ತಾರಗೊಂಡಿತು. ಅಮೆರಿಕದ ಒಹಾಯೊ ಪ್ರಾಂತ್ಯದ ಕೃಷಿಕ ಕುಟುಂಬದ ಲೆಸ್ಲಿ ಪೆಲ್ಟಿಯರ್ ಬಾಲ್ಯದಲ್ಲಿ ಸ್ಟ್ರಾಬೆರಿ ಬಿಡಿಸಿ ಗಳಿಸಿದ ಹಣದಿಂದ ಮೊದಲ ದೂರದರ್ಶಕವನ್ನು ಕೊಂಡನು. ಮುಂದೆ ಹನ್ನೆರಡು ಧೂಮಕೇತುಗಳನ್ನು ಪತ್ತೆಹಚ್ಚಿದುದರ ಜೊತೆಗೆ ಚಂಚಲ ನಕ್ಷತ್ರಗಳ ಒಂದು ಲಕ್ಷಕ್ಕೂ ಮಿಕ್ಕ ವೀಕ್ಷಣೆಗಳನ್ನು ದಾಖಲಿಸಿದನು. ಜಪಾನಿನ ಪಿಯಾನೊ ಕಾರ್ಖಾನೆಯೊಂದರ ಕೆಲಸಗಾರ ಕಾವೊರು ಇಕೆಯಾ ಸ್ವತಃ ತಯಾರಿಸಿದ ದೂರದರ್ಶಕದಿಂದ 1963ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮೊದಲ ಧೂಮಕೇತುವನ್ನು ಕಂಡನು. 1965ರಲ್ಲಿ ಅವನೂ ತ್ಸುತೊಮು ಸೆಕಿಯೂ ಪ್ರತ್ಯೇಕವಾಗಿ ಗುರುತಿಸಿದ ಧೂಮಕೇತುವು ಆ ವರ್ಷದ ಅಕ್ಟೋಬರ್‌ನಲ್ಲಿ ಹಗಲಿನಲ್ಲೇ ಸೂರ್ಯನ ಪಕ್ಕದಲ್ಲಿ ಗೋಚರಿಸುವಷ್ಟು ಉಜ್ಜ್ವಲವಾಯಿತು. ಯೂಜಿ ಹ್ಯಾಕುತಾಕೆ 1995ರ ಡಿಸೆಂಬರ್‌ನಲ್ಲಿ ಒಂದು ಧೂಮಕೇತುವನ್ನು ಕಂಡು, ಸುಮಾರು ಐದು ವಾರಗಳ ನಂತರ ಆಕಾಶದ ಅದೇ ಭಾಗವನ್ನು ಮತ್ತೆ ಶೋಧಿಸುವಾಗ ಇನ್ನೊಂದನ್ನು ಕಂಡನು. ಆ ಎರಡನೆಯದೇ 1996ರ ಮಾರ್ಚ್ 25ರಂದು ಭೂಮಿಯಿಂದ ಸುಮಾರು ಒಂದೂವರೆ ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋದ ಪ್ರಸಿದ್ಧ ಧೂಮಕೇತು. ಅವನು ಬಳಸಿದ್ದು 150 ಮಿಲಿಮೀಟರ್ ಮಸೂರಗಳ ದೊಡ್ಡ ಬೈನಾಕ್ಯುಲರ್ ಮಾತ್ರ. 1995ರ ಜುಲೈನಲ್ಲಿ ಧನು ರಾಶಿಯ ನಕ್ಷತ್ರಗುಚ್ಛವೊಂದನ್ನು ಗೆಳೆಯನ ದೂರದರ್ಶಕದಲ್ಲಿ ನೋಡುತ್ತಿದ್ದ ಥಾಮಸ್ ಬಾಪ್, ಪಕ್ಕದಲ್ಲಿ ಇರಬಾರದ ಮಸುಕೊಂದನ್ನು ಗಮನಿಸಿದನು. ಅದೇ ರಾತ್ರಿ ಅಲನ್ ಹೇಲ್ ಕೂಡ ಅದನ್ನು ಗುರುತಿಸಿದ್ದನು. ಹೇಲ್–ಬಾಪ್ ಧೂಮಕೇತು ಸುಮಾರು ಹದಿನೆಂಟು ತಿಂಗಳು ಬರಿಗಣ್ಣಿಗೆ ಗೋಚರವಾಗಿತ್ತು.

ಭಾರತೀಯರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಹಾರ್ವರ್ಡ್‌ನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ವೇಣು ಬಾಪು ಅವರು 1949ರಲ್ಲಿ ಛಾಯಾಫಲಕವೊಂದರಲ್ಲಿ ಧೂಮಕೇತುವನ್ನು ಗುರುತಿಸಿದರು. ಅದು ಬಾಪು–ಬಾಕ್–ನ್ಯೂಕಿರ್ಕ್ ಎಂದು ಹೆಸರಾಯಿತು. ಅವರು ಹವ್ಯಾಸಿಯಾಗಿರಲಿಲ್ಲವಾದರೂ ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರೆಂಬ ಕಾರಣದಿಂದ ಕರ್ನಾಟಕದ ಆಕಾಶಾಸಕ್ತರಿಗೆ ಈ ಹೆಸರು ಆತ್ಮೀಯವಾದದ್ದು. ಕನ್ನಡದಲ್ಲಿ ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣರಾವ್ ಮೊದಲಾದವರು ತಮ್ಮ ಬರಹಗಳ ಮೂಲಕ ಸಾಮಾನ್ಯ ಓದುಗರನ್ನು ಆಕಾಶದತ್ತ ತಿರುಗಿಸಿದುದನ್ನೂ ಇಲ್ಲಿ ನೆನೆಯಬೇಕು.

4. ನೋಡುವ ಕ್ರಮ

ಮೇಲಿನ ಎಲ್ಲರಲ್ಲಿಯೂ ಸಮಾನವಾಗಿದ್ದ ಅಂಶ ಅಭ್ಯಾಸದಿಂದ ಪಳಗಿದ ಕಣ್ಣು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಮಂದ ಬೆಳಕನ್ನು ಗ್ರಹಿಸಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಮ್ಮೆ ಬಿಳಿ ದೀಪ ಹೊತ್ತಿಸಿದರೆ ಆ ಸಿದ್ಧತೆಯೆಲ್ಲ ವ್ಯರ್ಥ. ಆದುದರಿಂದಲೇ ವೀಕ್ಷಕರು ನಕ್ಷೆಯನ್ನು ನೋಡಲು ಮಂದವಾದ ಕೆಂಪು ದೀಪವನ್ನು ಬಳಸುತ್ತಾರೆ. ಮಸುಕಾದ ವಸ್ತುವನ್ನು ನೇರವಾಗಿ ದಿಟ್ಟಿಸಿದರೆ ಅದು ಮಾಯವಾಗುತ್ತದೆ. ತುಸು ಪಕ್ಕಕ್ಕೆ ದೃಷ್ಟಿ ಹೊರಳಿಸಿದರೆ ಮತ್ತೆ ತೋರುತ್ತದೆ. ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಅಕ್ಷಿಪಟಲದ ನಡುಭಾಗದಲ್ಲಿ ಇಲ್ಲದೆ ಅದರ ಸುತ್ತ ಹೆಚ್ಚಾಗಿರುವುದೇ ಇದಕ್ಕೆ ಕಾರಣ.

ಕಾಂತಿಯನ್ನು ಅಳೆಯುವುದು ಇನ್ನೂ ಸೂಕ್ಷ್ಮವಾದ ಕೆಲಸ. ನಕ್ಷತ್ರ ಒಂದು ಬಿಂದು. ಧೂಮಕೇತುವಿನ ಬೆಳಕು ಹರಡಿಕೊಂಡಿರುತ್ತದೆ. ಇವೆರಡನ್ನೂ ಹೋಲಿಸುವುದು ಹೇಗೆ? ಧೂಮಕೇತುವನ್ನು ಸ್ಪಷ್ಟವಾಗಿ ನೋಡಿ ಅದರ ಸರಾಸರಿ ಕಾಂತಿಯನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಬಳಿಕ ಕಾಂತಿಮಾನ ಗೊತ್ತಿರುವ ನಕ್ಷತ್ರವೊಂದನ್ನು ಉದ್ದೇಶಪೂರ್ವಕವಾಗಿ ಮಸುಕುಗೊಳಿಸಿ ಅದೇ ಗಾತ್ರದ ಬಿಲ್ಲೆಯಂತೆ ಕಾಣುವ ಹಾಗೆ ಮಾಡಿ ಹೋಲಿಸುವುದು ರೂಢಿಯಲ್ಲಿರುವ ಒಂದು ವಿಧಾನ. ಕಾಂತಿಮಾನದ ಐದು ಅಂಕಗಳ ವ್ಯತ್ಯಾಸವೆಂದರೆ ನೂರು ಪಟ್ಟು ವ್ಯತ್ಯಾಸ. ಅಂಕ ಕಿರಿದಾದಷ್ಟೂ ಕಾಂತಿ ಹಿರಿದು. ಕೋಮಾದ ಸಾಂದ್ರತೆಯನ್ನು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಗಳಲ್ಲಿ ಸೂಚಿಸುತ್ತಾರೆ. ಪೂರ್ಣವಾಗಿ ಚದುರಿದ ಮಬ್ಬಿಗೆ ಸೊನ್ನೆ, ನಕ್ಷತ್ರದಂತೆ ಚೂಪಾದ ಬಿಂದುವಿಗೆ ಒಂಬತ್ತು. ಬಾಲದ ಉದ್ದವನ್ನು ಕೋನಮಾನದಲ್ಲಿ ಹೇಳಬೇಕು. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ, ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ.

ಇಷ್ಟನ್ನೂ ದಿನಾಂಕ, ವೇಳೆ, ಸ್ಥಳ, ಉಪಕರಣ, ಆಕಾಶದ ಸ್ಥಿತಿ ಇವುಗಳೊಡನೆ ಸ್ಥಳದಲ್ಲಿಯೇ ಬರೆದಿಡಬೇಕು. ಇಲ್ಲಿ ಭಾಷೆಯ ಪ್ರಶ್ನೆಯೂ ಏಳುತ್ತದೆ. ಮಂಕು, ಮಬ್ಬು, ಮಸುಕು, ಮಾಸಲು ಎಂಬ ಪದಗಳನ್ನು ನಾವು ದಿನಬಳಕೆಯಲ್ಲಿ ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತೇವೆ. ದಾಖಲೆಯಲ್ಲಿ ಹಾಗಾಗುವಂತಿಲ್ಲ: ಕಾಂತಿ ಕಡಿಮೆಯಾಗಿತ್ತೋ ಅಂಚು ಅಸ್ಪಷ್ಟವಾಗಿತ್ತೋ ಎಂಬುದು ತಿಳಿಯಬೇಕು. ಇದಕ್ಕಿಂತ ಮುಖ್ಯವಾದದ್ದು ‘ಬಾಲ ಇರಲಿಲ್ಲ’ ಮತ್ತು ‘ಬಾಲ ಕಾಣಲಿಲ್ಲ’ ಎಂಬ ಎರಡು ವಾಕ್ಯಗಳ ನಡುವಿನ ಅಂತರ. ಮೊದಲನೆಯದು ವಸ್ತುವಿನ ಬಗೆಗಿನ ತೀರ್ಪು. ಎರಡನೆಯದು ಆ ರಾತ್ರಿ, ಆ ಸ್ಥಳದಲ್ಲಿ, ಆ ಕಣ್ಣಿಗೆ ಆದ ಅನುಭವ. ವೀಕ್ಷಕನಿಗೆ ಅಧಿಕಾರವಿರುವುದು ಎರಡನೆಯದನ್ನು ಹೇಳಲು ಮಾತ್ರ. ‘ಕಾಣಲಿಲ್ಲ’ ಎಂಬ ಮಾತು ಪರಿಸ್ಥಿತಿಯ ವಿವರಗಳೊಡನೆ ಬಂದಾಗ, ಬೇರೊಬ್ಬರು ಅದನ್ನು ತಮ್ಮ ನೋಟದೊಡನೆ ಹೋಲಿಸಿ ವಸ್ತುವಿನ ಬಗೆಗೆ ತೀರ್ಮಾನಿಸಬಹುದು.

5. ನಿರೀಕ್ಷೆ ಮತ್ತು ನೋಟ

1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅದರ ಬಾಲದಲ್ಲಿ ವಿಷಾನಿಲವಿದೆಯೆಂಬ ಸುದ್ದಿ ಹಲವು ದೇಶಗಳಲ್ಲಿ ಭೀತಿಯನ್ನು ಹುಟ್ಟಿಸಿತು. ಧೂಮಕೇತುವಿನಿಂದ ರಕ್ಷಿಸುವ ಗುಳಿಗೆಗಳೂ ಮಾರಾಟವಾದವು. 1973ರಲ್ಲಿ ಕೊಹೊಟೆಕ್ ಧೂಮಕೇತುವನ್ನು ಶತಮಾನದ ಅದ್ಭುತವೆಂದು ಸಾರಲಾಯಿತು. ಅದು ಜನರನ್ನು ನಿರಾಶೆಗೊಳಿಸಿತು. 2013ರ ನವೆಂಬರ್ 28ರಂದು ಐಸಾನ್ ಧೂಮಕೇತು ಸೂರ್ಯನನ್ನು ಬಳಸಿ ಹೋಗುವಾಗ ಛಿದ್ರವಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಒಡೆದುಹೋಗುವುದೆಂದು 2024ರ ಮಧ್ಯಭಾಗದಲ್ಲಿ ತಜ್ಞರೊಬ್ಬರು ಊಹಿಸಿದ್ದ ಚುಚಿನ್‌ಶಾನ್–ಅಟ್ಲಾಸ್ ಧೂಮಕೇತು ಆ ವರ್ಷದ ಸೆಪ್ಟೆಂಬರ್ 27ರ ಪುರರವಿಯನ್ನು ದಾಟಿ ಉಳಿಯಿತು. ಬೆಂಗಳೂರಿನ ಆಸಕ್ತರು ಬೆಳಗಿನ ಜಾವದ ಪೂರ್ವ ದಿಗಂತದಲ್ಲಿ ಅದನ್ನು ಚಿತ್ರೀಕರಿಸಿದರು.

1986ರ ಹ್ಯಾಲಿ ದರ್ಶನವು ಇನ್ನೊಂದು ಪಾಠವನ್ನು ಕಲಿಸುತ್ತದೆ. ಪುರರವಿಯ ವೇಳೆಗೆ ಧೂಮಕೇತು ಸೂರ್ಯನ ಆಚೆಬದಿಯಲ್ಲಿದ್ದುದರಿಂದ ಆ ಬರವು ಮಂಕಾಗಿತ್ತು. ಏಪ್ರಿಲ್ 11ರಂದು ಅದು ಭೂಮಿಗೆ ಸಮೀಪವಾದಾಗ ದಕ್ಷಿಣದ ಆಕಾಶದಲ್ಲಿತ್ತು. ಉತ್ತರ ಯುರೋಪಿನ ಬಹುಭಾಗಕ್ಕೆ ದಿಗಂತದ ಕೆಳಗೇ ಉಳಿದ ಅದು ಬೆಂಗಳೂರಿನ ಅಕ್ಷಾಂಶದಲ್ಲಿ ಸುಮಾರು ಮೂವತ್ತು ಡಿಗ್ರಿ ಎತ್ತರಕ್ಕೆ ಏರುತ್ತಿತ್ತು. ಒಂದೇ ವಸ್ತುವಿನ ಅನುಭವ ನೆಲಕ್ಕೆ ತಕ್ಕಂತೆ ಬೇರೆಯಾಗುತ್ತದೆ.

2007ರ ಅಕ್ಟೋಬರ್ ಕೊನೆಯ ವಾರದಲ್ಲಿ ನಡೆದ ಘಟನೆಯಂತೂ ಬಾಲವೇ ಲಕ್ಷಣವೆಂಬ ಕಲ್ಪನೆಯನ್ನು ಅಲುಗಿಸಿತು. ದೊಡ್ಡ ದೂರದರ್ಶಕಗಳಿಗಷ್ಟೇ ಎಟುಕುತ್ತಿದ್ದ ಹೋಮ್ಸ್ ಧೂಮಕೇತು ಎರಡು ದಿನಗಳೊಳಗೆ ಸುಮಾರು ಐದು ಲಕ್ಷ ಪಟ್ಟು ಬೆಳಗಿ, ಕನ್ನಡದಲ್ಲಿ ಪಾರ್ಥ ಎಂದು ಕರೆಯಲಾಗುವ ಪರ್ಸಿಯಸ್ ಪುಂಜದಲ್ಲಿ ಬರಿಗಣ್ಣಿಗೆ ಕಂಡಿತು. ಬರಿಗಣ್ಣಿಗೆ ಬಾಲವಿರಲಿ, ಮೊದಲಿಗೆ ಮಬ್ಬೂ ತೋರಲಿಲ್ಲ; ಪುಂಜಕ್ಕೆ ಒಂದು ನಕ್ಷತ್ರ ಹೆಚ್ಚಾದಂತೆ ಇತ್ತು. ಪುಂಜದ ರೂಪವನ್ನು ಕಂಠಸ್ಥ ಮಾಡಿಕೊಂಡವರಿಗೆ ಮಾತ್ರ ಅದರಲ್ಲಿನ ವ್ಯತ್ಯಾಸ ತಾನಾಗಿ ಹೊಳೆಯುತ್ತದೆ.

ಛಾಯಾಚಿತ್ರಗಳು ಇಂದಿನ ನಿರೀಕ್ಷೆಯನ್ನು ರೂಪಿಸುತ್ತಿವೆ. ದೀರ್ಘಕಾಲ ಬೆಳಕನ್ನು ಸಂಗ್ರಹಿಸಿ ಪಡೆದ ಹಸಿರು ಕೋಮಾ, ನೀಲಿ ಬಾಲಗಳ ಚಿತ್ರವನ್ನು ನೋಡಿ ಬಯಲಿಗೆ ಹೋದವನಿಗೆ ಕಾಣುವುದು ಬೂದುಬಣ್ಣದ ಒಂದು ಹತ್ತಿಯ ಎಳೆ. ಚಿತ್ರ ಸುಳ್ಳಲ್ಲ, ನೋಟವೂ ಕೊರತೆಯದಲ್ಲ. ಇವು ಬೆಳಕನ್ನು ಸಂಗ್ರಹಿಸುವ ಎರಡು ಭಿನ್ನ ಬಗೆಗಳು. ಚಿತ್ರದಲ್ಲಿ ಕಂಡ ಬಣ್ಣವನ್ನು ಕಣ್ಣಿನ ದಾಖಲೆಗೆ ಸೇರಿಸಿದಾಗ ಮಾತ್ರ ದೋಷ ಉಂಟಾಗುತ್ತದೆ.

6. ಇಂದಿನ ಸ್ಥಿತಿ

ಹವಾಯಿ, ಚಿಲಿ, ದಕ್ಷಿಣ ಆಫ್ರಿಕಗಳಲ್ಲಿನ ಸ್ವಯಂಚಾಲಿತ ದೂರದರ್ಶಕಗಳು ಆಕಾಶವನ್ನು ನಿರಂತರವಾಗಿ ಜಾಲಾಡುತ್ತಿರುವುದರಿಂದ ಹವ್ಯಾಸಿಗೆ ಹೊಸ ಧೂಮಕೇತು ದೊರೆಯುವುದು ವಿರಳವಾಗಿದೆ. ಆದರೂ ದಾರಿ ಮುಚ್ಚಿಲ್ಲ. 2019ರ ಆಗಸ್ಟ್ 30ರಂದು ಕ್ರಿಮಿಯಾದಲ್ಲಿ ಗೆನ್ನಾಡಿ ಬೊರಿಸೊವ್ ತಾನೇ ನಿರ್ಮಿಸಿದ ದೂರದರ್ಶಕದಿಂದ ಕಂಡದ್ದು ಅನ್ಯ ನಕ್ಷತ್ರಲೋಕದಿಂದ ಬಂದುದೆಂದು ಗುರುತಿಸಲಾದ ಪ್ರಥಮ ಧೂಮಕೇತು. ಸೋಹೊ ಸೌರವೀಕ್ಷಕ ನೌಕೆಯ ಚಿತ್ರಗಳಲ್ಲಿ 2024ರ ಮಾರ್ಚ್ ವೇಳೆಗೆ ಐದು ಸಾವಿರ ಧೂಮಕೇತುಗಳು ಪತ್ತೆಯಾಗಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ಗುರುತಿಸಿದವರು ಸ್ವಯಂಸೇವಕರೇ.

ಇದಕ್ಕಿಂತ ಗಂಭೀರವಾದ ಸಮಸ್ಯೆ ಕತ್ತಲೆಯ ನಷ್ಟ. ಒಳ್ಳೆಯ ಕತ್ತಲೆಯಲ್ಲಿ ಬರಿಗಣ್ಣಿಗೆ ಆರನೆಯ ಕಾಂತಿಮಾನದ ನಕ್ಷತ್ರಗಳು ಕಾಣುತ್ತವೆ. ಮಹಾನಗರದ ನಡುವೆ ಮೂರನೆಯದು ಕಂಡರೆ ಹೆಚ್ಚು. ಧೂಮಕೇತುವಿನ ಬೆಳಕು ಹರಡಿಕೊಂಡಿರುವುದರಿಂದ ದೀಪಗಳ ಪ್ರಭೆಗೆ ಮೊದಲು ಬಲಿಯಾಗುವುದು ಅದೇ. ಹೀಗಾಗಿ ನಗರದಲ್ಲಿ ಬೆಳೆದ ತಲೆಮಾರಿಗೆ ‘ಕಾಣಲಿಲ್ಲ’ ಎಂಬ ಅನುಭವವು ಕ್ರಮೇಣ ‘ಇಲ್ಲ’ ಎಂಬ ತಿಳಿವಳಿಕೆಯಾಗಿ ಗಟ್ಟಿಯಾಗುವ ಅಪಾಯವಿದೆ. ಮಾನವ ವಸತಿಯಿಂದ ದೂರದ ಬೆಟ್ಟ ಬಯಲುಗಳಲ್ಲಿ ಮಾಡಿದ ನೋಟಗಳ ಜೊತೆಗೆ ನಗರದ ಮಾಳಿಗೆಗಳಿಂದ ಮಾಡಿದ ವಿಫಲ ನೋಟಗಳನ್ನೂ ದಾಖಲಿಸುವುದು ಆದ್ದರಿಂದ ಅಗತ್ಯ. ಅವು ಧೂಮಕೇತುವಿನ ಬಗೆಗೆ ಹೇಳದಿದ್ದರೂ ನಮ್ಮ ಆಕಾಶದ ಬಗೆಗೆ ಹೇಳುತ್ತವೆ.

ಒಟ್ಟಿನಲ್ಲಿ ಹವ್ಯಾಸಿ ವೀಕ್ಷಣೆಯ ಮೌಲ್ಯವನ್ನು ಹೊಸ ಧೂಮಕೇತುಗಳ ಸಂಖ್ಯೆಯಿಂದಷ್ಟೇ ಅಳೆಯಲಾಗದು. ಕಂಡದ್ದನ್ನು ಕಂಡಷ್ಟೇ ಹೇಳುವ, ಕಾಣದ್ದನ್ನು ಕಾಣಲಿಲ್ಲವೆಂದು ಬರೆಯುವ ಶಿಸ್ತು ಅದರ ತಿರುಳು. ಹ್ಯಾಲಿ ಧೂಮಕೇತು ಮುಂದೆ 2061ರ ಜುಲೈನಲ್ಲಿ ಪುರರವಿಗೆ ಬರಲಿದೆ. ಆ ವೇಳೆಗೆ ಅದನ್ನು ಕನ್ನಡದಲ್ಲಿ ದಾಖಲಿಸಬಲ್ಲ ಪಳಗಿದ ಕಣ್ಣುಗಳೂ ಅದು ಕಾಣುವಷ್ಟು ಕತ್ತಲೆಯೂ ನಮ್ಮಲ್ಲಿ ಉಳಿದಿರಬೇಕಾದರೆ ಅದಕ್ಕೆ ಬೇಕಾದ ಅಭ್ಯಾಸ ಈಗಿನಿಂದಲೇ ಆರಂಭವಾಗಬೇಕು.