ಶತ್ರುವಿನ ಧಾಟಿಯಲ್ಲಿ ಕೈಸರನಿಗೆ ಜೈಕಾರ

2003ರಲ್ಲಿ ಇಂಗ್ಲೆಂಡ್ ಫುಟ್‌ಬಾಲ್ ತಂಡ ಲಿಕ್ಟೆನ್‌ಸ್ಟೈನ್ ಅನ್ನೋ ಪುಟಾಣಿ ದೇಶದ ಜೊತೆ ಆಡಿತು. ಎರಡೂ ದೇಶಗಳ ರಾಷ್ಟ್ರಗೀತೆಗೆ ಇದ್ದದ್ದು ಒಂದೇ ಟ್ಯೂನ್! ‘ಗಾಡ್ ಸೇವ್ ದಿ ಕಿಂಗ್’ ಧಾಟಿಯನ್ನು ಒಂದು ಕಾಲದಲ್ಲಿ ಯುರೋಪಿನ ಹಲವು ಅರಮನೆಗಳು ಹಾಗೇ ಎತ್ತಿಕೊಂಡಿದ್ದವು. ಲಿಕ್ಟೆನ್‌ಸ್ಟೈನ್ ಇನ್ನೂ ಬಿಟ್ಟಿಲ್ಲ, ಅಷ್ಟೇ.

ಹೀಗೆ ಎತ್ತಿಕೊಂಡವರಲ್ಲಿ ದೊಡ್ಡ ಹೆಸರು ಪ್ರಷ್ಯ. ಬರ್ಲಿನ್ ರಾಜಧಾನಿಯಾಗಿದ್ದ, ಮುಂದೆ ಜರ್ಮನಿಯನ್ನು ಒಗ್ಗೂಡಿಸಿದ ರಾಜ್ಯ ಅದು. ಅದರ ರಾಜಗೀತೆ ‘ಹೈಲ್ ಡಿರ್ ಇಮ್ ಸೀಗರ್‌ಕ್ರಾನ್ಸ್’. ಜಯಮಾಲೆ ತೊಟ್ಟ ದೊರೆಗೆ ಜೈ ಅಂತ ಅರ್ಥ. ತಮಾಷೆ ಅಂದ್ರೆ, ಸಾಹಿತ್ಯವೂ ಸ್ವಂತದ್ದಲ್ಲ. 1790ರಲ್ಲಿ ಹೈನ್ರಿಶ್ ಹ್ಯಾರೀಸ್ ಎಂಬ ಕವಿ ಅದನ್ನು ಬರೆದದ್ದು ಡೆನ್ಮಾರ್ಕಿನ ದೊರೆ ಏಳನೇ ಕ್ರಿಶ್ಚಿಯನ್‌ಗಾಗಿ. ಮೂರು ವರ್ಷದ ನಂತರ ಶೂಮಾಖರ್ ಎಂಬಾತ ಅಲ್ಲಿ ಇಲ್ಲಿ ತಿದ್ದಿ ಪ್ರಷ್ಯದ ದೊರೆಗೆ ಒಪ್ಪಿಸಿದ. 1871ರಲ್ಲಿ ಪ್ರಷ್ಯದ ಅಂದಿನ ದೊರೆ ಇಡೀ ಜರ್ಮನಿಗೆ ಕೈಸರ್ ಆದಾಗ ಹಾಡಿಗೂ ಬಡ್ತಿ ಸಿಕ್ಕಿತು.

ಹಾಡಿನೊಳಗೆ ಒಂದು ಮಾತಿದೆ: ಸಿಂಹಾಸನವನ್ನು ಕಾಯೋದು ಕುದುರೆ, ಸವಾರರಲ್ಲ, ದೇಶದ ಮೇಲಿನ ಪ್ರೀತಿ, ಸ್ವತಂತ್ರ ಮನುಷ್ಯನ ಪ್ರೀತಿ. ಇದನ್ನು ಹಾಡುತ್ತಿದ್ದವರು ಸೈನ್ಯಕ್ಕೇ ಹೆಸರಾದ ಪ್ರಷ್ಯದವರು ಅನ್ನೋದು ನನಗಂತೂ ವಿಚಿತ್ರ ಅನ್ನಿಸುತ್ತೆ.

1866ರಲ್ಲಿ ಪ್ರಷ್ಯಕ್ಕೂ ಆಸ್ಟ್ರಿಯಕ್ಕೂ ಯುದ್ಧವಾದಾಗ ಬವೇರಿಯ, ಸ್ಯಾಕ್ಸನಿ ರಾಜ್ಯಗಳು ಆಸ್ಟ್ರಿಯದ ಪರ ನಿಂತವು. ಅವುಗಳ ರಾಜಗೀತೆಯೂ ಇದೇ ಧಾಟಿಯದು! 1914ರಲ್ಲಂತೂ ಎದುರಿಗೆ ನಿಂತದ್ದು ಬ್ರಿಟನ್. ಕೈಸರ್ ಎರಡನೇ ವಿಲ್‌ಹೆಲ್ಮ್ ವಿಕ್ಟೋರಿಯ ರಾಣಿಯ ಮಗಳ ಮಗ. ಬ್ರಿಟನ್ನಿನ ದೊರೆ ಐದನೇ ಜಾರ್ಜ್ ಆಕೆಯ ಮಗನ ಮಗ. ಅಜ್ಜಿಯೂ ಒಬ್ಬಳೇ, ರಾಗವೂ ಒಂದೇ. ಆದರೂ ಎರಡೂ ಕಡೆ ಲಕ್ಷಾಂತರ ಹುಡುಗರು ಕಂದಕಗಳಲ್ಲಿ ಸತ್ತರು.

ಜರ್ಮನ್ ಊರುಗಳಲ್ಲಿ ಊಟಕ್ಕೇ ತತ್ವಾರ ಬಂತು. ಜಯಮಾಲೆಯ ಹಾಡಿಗೆ ಆಲೂಗಡ್ಡೆ, ಹೆರಿಂಗ್ ಮೀನಿನ ಬಾಲ ಪ್ರಾಸ ಹಾಕಿ ಗೇಲಿ ಮಾಡುವ ಅಣಕು ಹಾಡೂ ಜನರ ಬಾಯಲ್ಲಿತ್ತು.

1918ರ ನವೆಂಬರ್‌ನಲ್ಲಿ ಸೇನಾಧಿಕಾರಿಗಳೇ ಕೈಸರ್‌ಗೆ ಹೇಳಿದರು: ಸೈನ್ಯ ಇನ್ನು ನಿಮ್ಮ ಬೆನ್ನಿಗಿಲ್ಲ. ಜನರ ಪ್ರೀತಿ ಅದಕ್ಕೂ ಮೊದಲೇ ಹೋಗಿತ್ತು. ಅವನು ನೆದರ್ಲೆಂಡ್ಸ್‌ಗೆ ಹೊರಟುಹೋದ. ಮತ್ತೆ ಜರ್ಮನಿಗೆ ಕಾಲಿಡಲೇ ಇಲ್ಲ. ರಾಜನಿಲ್ಲದ ಮೇಲೆ ರಾಜಗೀತೆ ಯಾರಿಗೆ?

1922ರಲ್ಲಿ ಗಣರಾಜ್ಯ ಹೊಸ ರಾಷ್ಟ್ರಗೀತೆ ಆರಿಸಿಕೊಂಡಿತು. ಅದರ ರಾಗ ಹೇಡನ್‌ನದು. ಅವನು ಅದನ್ನು 1797ರಲ್ಲಿ ಕಟ್ಟಿದ್ದು ವಿಯೆನ್ನಾದ ಚಕ್ರವರ್ತಿಗಾಗಿ.