ನಾಮಕರ್ಮಕ್ರಿಯೆ ಮತ್ತು ಜಿನನಾಮ

ಶಿಶುವಿಗೆ ಹೆಸರಿಡುವ ವಿಧಿಯನ್ನು ಜಿನಸೇನಾಚಾರ್ಯರು 9ನೆಯ ಶತಮಾನದ ತಮ್ಮ ಸಂಸ್ಕೃತ ಆದಿಪುರಾಣದ 38ನೆಯ ಪರ್ವದಲ್ಲಿ ನಿರೂಪಿಸಿದ್ದಾರೆ. 53 ಗರ್ಭಾನ್ವಯಕ್ರಿಯೆಗಳಲ್ಲಿ ನಾಮಕರ್ಮವು 7ನೆಯದು. ಜನನವಾಗಿ 12 ದಿನಗಳು ಕಳೆದ ಮೇಲೆ, ಶಿಶುವಿಗೂ ಮಾತಾಪಿತೃಗಳಿಗೂ ಅನುಕೂಲವಾದ ದಿನದಲ್ಲಿ, ಯಥಾವಿಭವ ಪೂಜೆಯನ್ನು ನೆರವೇರಿಸಿ ವಂಶವೃದ್ಧಿಕರವಾದ ಪ್ರಶಸ್ತನಾಮವನ್ನು ಇಡತಕ್ಕದ್ದು. ಅಥವಾ ಜಿನೇಂದ್ರನ 1008 ನಾಮಗಳಲ್ಲೊಂದನ್ನು ಘಟಪತ್ರವಿಧಾನದಿಂದ, ಎಂದರೆ ನಾಮಗಳನ್ನು ಬರೆದ ಪತ್ರಗಳನ್ನು ಘಟದಲ್ಲಿರಿಸಿ ಒಂದನ್ನು ಎತ್ತುವ ಕ್ರಮದಿಂದ, ಗ್ರಹಿಸಬಹುದು. ಆ ಸಹಸ್ರನಾಮವು ಅದೇ ಗ್ರಂಥದ 25ನೆಯ ಪರ್ವದಲ್ಲಿದೆ.

ಇಲ್ಲಿ ಮೂಲದ ‘ವಾ’ ಎಂಬ ಅವ್ಯಯವು ವಿಕಲ್ಪಸೂಚಕವೆಂಬುದು ಗಮನಾರ್ಹ. ಪ್ರತಿಯಲ್ಲಿ ಅದು ಬಿಟ್ಟುಹೋದರೆ ಛಂದೋಭಂಗದಿಂದ ಲೋಪವು ಗೊತ್ತಾಗುತ್ತದೆ. ಅನುವಾದದಲ್ಲಿ ಬಿಟ್ಟುಹೋದರೆ ಗೊತ್ತಾಗುವುದಿಲ್ಲ, ವಿಕಲ್ಪವೇ ನಿಯಮವಾಗಿ ತೋರುತ್ತದೆ. ಜಿನನಾಮವು ಶ್ರೇಯಸ್ಕರವೆಂಬುದು ನಿರ್ವಿವಾದ. ಆದರೆ ಅನ್ಯ ಪ್ರಶಸ್ತನಾಮವನ್ನು ಪಡೆದ ಶ್ರಾವಕನ ಹೆಸರೂ ಶಾಸ್ತ್ರಸಮ್ಮತವೇ ಆಗಿದೆ.